ಪ್ರೀಮಿಯಂ ಎಷ್ಟು ಅಂತ ಕೇಳಿದವಳಿಗೆ

ಗೆಳತಿಯೊಬ್ಬಳು ಹೊಸದಾಗಿ ನಾಯಿಮರಿ ತಂದಿದ್ದಾಳೆ. ಮರಿಯ ಹದಿನೆಂಟು ಫೋಟೋ ಕಳಿಸಿದ ಮೇಲೆ ಕೊನೆಗೆ ಒಂದು ಸಾಲು: "ಇದಕ್ಕೆ ಇನ್ಶೂರೆನ್ಸ್ ಮಾಡಿಸೋಣ ಅಂತಿದೀನಿ ಕಣೇ, ವರ್ಷಕ್ಕೆ ಎಷ್ಟಾಗತ್ತೆ?" ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಮೂರನೇ ಸಲ ಅಳಿಸುವಾಗ ಗೊತ್ತಾಯಿತು, ಇದು ಮೆಸೇಜಿನಲ್ಲಿ ಮುಗಿಯೋ ಮಾತಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಅವಳು ಕೇಳಿದ್ದು ಪ್ರೀಮಿಯಂ. ವಿಮೆಯ ಖರ್ಚು ಅಂದರೆ ಪ್ರೀಮಿಯಂ ಅಂತಲೇ ನಾನೂ ನಂಬಿದ್ದೆ, ಗುಂಡ ಕಾಲುಚೀಲ ನುಂಗುವವರೆಗೆ.

ಗುಂಡ ನಮ್ಮ ಬೀಗಲ್ ತಳಿಯ ನಾಯಿ. ಆಗ ಅವನಿಗೆ 3 ವರ್ಷ. ಎರಡು ದಿನ ಊಟ ಮುಟ್ಟಲಿಲ್ಲ, ನೀರು ಕುಡಿದರೂ ಕಕ್ಕುತ್ತಿದ್ದ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಆಟಕ್ಕೆ ಕರೀತಿದ್ದಾನೆ ಅಂದುಕೊಂಡು ನಾನು ಚೆಂಡು ಬೇರೆ ಎಸೆದೆ. ಹೊಟ್ಟೆನೋವು ಜೋರಾದ ನಾಯಿ ಹಾಗೆ ನಿಲ್ಲುತ್ತದೆ ಅಂತ ಡಾಕ್ಟ್ರು ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಕ್ಸ್‌ರೇ, ಸ್ಕ್ಯಾನಿಂಗ್, ಡ್ರಿಪ್, ಆಮೇಲೆ ಆಪರೇಷನ್. ಕರುಳಿನಿಂದ ಹೊರಬಂದದ್ದು ನನ್ನದೇ ನೀಲಿ ಪಟ್ಟೆಯ ಕಾಲುಚೀಲ. ಅದರ ಜೋಡಿ ಇನ್ನೂ ಕಪಾಟಿನಲ್ಲಿದೆ, ಬಿಸಾಡಲು ಮನಸ್ಸು ಬಂದಿಲ್ಲ.

ಬಿಲ್ ಮುಂದಿಟ್ಟಾಗ "ಇವನಿಗೆ ವಿಮೆ ಇದೆ" ಅಂದೆ, ಸ್ವಲ್ಪ ಗತ್ತಿನಿಂದಲೇ. ಕೌಂಟರಿನ ಹುಡುಗಿ ತಲೆ ಎತ್ತದೆ ಹೇಳಿದಳು: "ಇರ್ಲಿ ಮೇಡಂ, ಈಗ ನೀವು ಕಟ್ಟಿ. ಆಮೇಲೆ ಅವರ ಹತ್ರ ಕ್ಲೇಮ್ ಮಾಡ್ಕೊಳ್ಳಿ." ಸಾಕುಪ್ರಾಣಿ ವಿಮೆಯಲ್ಲಿ ಹೆಚ್ಚಿನ ಕಡೆ ನಡೆಯುವುದು ಹೀಗೇ. ಮನುಷ್ಯರ ವಿಮೆಯ ಹಾಗೆ ಕಾರ್ಡ್ ತೋರಿಸಿ ಎದ್ದು ಬರುವ ವ್ಯವಸ್ಥೆ ಕೆಲವೇ ಕಡೆ. ಅಂದರೆ ವಿಮೆ ಇದ್ದರೂ ಆ ರಾತ್ರಿಗೆ ಬೇಕಾದ ಪೂರ್ತಿ ದುಡ್ಡು ನಿಮ್ಮ ಕೈಯಲ್ಲೋ ಕ್ರೆಡಿಟ್ ಕಾರ್ಡಿನಲ್ಲೋ ಇರಲೇಬೇಕು. ಕಾರ್ಡಿನಲ್ಲಿ ಕಟ್ಟಿ ವಿಮೆಯ ಹಣ ಬರುವುದು ತಡವಾದರೆ ಆ ಬಡ್ಡಿ ಯಾರ ತಲೆಗೆ? ಪ್ರೀಮಿಯಂ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರುವುದಿಲ್ಲ.

ಮೂರು ವಾರದ ಮೇಲೆ ಕಂಪನಿಯಿಂದ ಪತ್ರ ಬಂತು. ಕ್ಲೇಮು ತಿರಸ್ಕೃತ. ಕಾರಣ, ಜೀರ್ಣಾಂಗದ ತೊಂದರೆ "ಪಾಲಿಸಿಗೆ ಮೊದಲೇ ಇತ್ತು". ಹೇಗೆ ಸ್ವಾಮಿ? ಕ್ಲೇಮು ಹಾಕಿದಾಗ ಅವರು ಆ ಒಂದು ಆಪರೇಷನ್ನಿನ ಕಾಗದ ಮಾತ್ರ ಕೇಳುವುದಿಲ್ಲ, ಮರಿಯಾಗಿದ್ದಾಗಿನಿಂದ ಇರುವ ಪೂರ್ತಿ ದಾಖಲೆ ತರಿಸಿಕೊಳ್ಳುತ್ತಾರೆ. ಪಾಲಿಸಿ ಮಾಡಿಸುವ ಎರಡು ತಿಂಗಳು ಮುಂಚೆ ಚುಚ್ಚುಮದ್ದಿಗೆ ಹೋದಾಗ ನಾನು ಮಾತಿಗೆ ಮಾತು ಅಂತ "ಆಗಾಗ ಹುಲ್ಲು ತಿಂದು ವಾಂತಿ ಮಾಡ್ಕೋತಾನೆ ಡಾಕ್ಟ್ರೇ" ಅಂದಿದ್ದೆ. ಅವರು ಪಾಪ, ಬರೆದುಕೊಂಡಿದ್ದರು. ಆ ಅರ್ಧ ಸಾಲೇ ಸಾಕಾಯಿತು.

ಕೊನೆಗೆ ಡಾಕ್ಟ್ರು ಬೇರೆ ಪತ್ರ ಬರೆದುಕೊಟ್ಟರು. ಎಕ್ಸ್‌ರೇ, ಹೊರತೆಗೆದ ಕಾಲುಚೀಲದ ಫೋಟೋ, ಎರಡೂ ಲಗತ್ತಿಸಿ ಮೇಲ್ಮನವಿ ಹಾಕಿದೆ. ಬಟ್ಟೆಯ ತುಂಡು ಜೀರ್ಣಾಂಗದ ಹಳೆಯ ಕಾಯಿಲೆ ಹೇಗಾಗುತ್ತದೆ ಅಂತ ಕೇಳಿದ್ದಕ್ಕೆ ಅವರ ಬಳಿ ಉತ್ತರವಿರಲಿಲ್ಲ, ಹಣ ಬಂತು. ಪೂರ್ತಿ ಬರಲಿಲ್ಲ. ಪೂರ್ತಿ ಬರುವುದೇ ಇಲ್ಲ, ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು, ಪ್ರೀಮಿಯಂ ಯಾಕೆ ಒಬ್ಬೊಬ್ಬರಿಗೆ ಒಂದೊಂದು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಬೆಕ್ಕಿಗಿಂತ ನಾಯಿಗೆ ಸಾಮಾನ್ಯವಾಗಿ ಜಾಸ್ತಿ. ನೀವಿರುವ ಜಾಗದಲ್ಲಿ ಪಶುವೈದ್ಯರ ಫೀಸು ದುಬಾರಿಯಾದರೆ ಪ್ರೀಮಿಯಮ್ಮೂ ದುಬಾರಿ. ಅಪಘಾತಕ್ಕೆ ಮಾತ್ರದ ಪಾಲಿಸಿ ಅಗ್ಗ, ಕಾಯಿಲೆಯೂ ಸೇರಿದರೆ ಏರುತ್ತದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ತಳಿ ಮತ್ತು ವಯಸ್ಸು. ಬುಲ್‌ಡಾಗ್, ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಉಸಿರಾಟದ್ದೇ ತಾಪತ್ರಯ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲು. ಉದ್ದ ಬೆನ್ನಿನ ಡ್ಯಾಶ್‌ಹಂಡ್‌ಗೆ ಬೆನ್ನುಹುರಿಯ ಡಿಸ್ಕ್. ಪರ್ಷಿಯನ್ ಬೆಕ್ಕಿಗೆ ವಂಶಪಾರಂಪರ್ಯವಾಗಿ ಬರುವ ಕಿಡ್ನಿ ಗುಳ್ಳೆ, ಮೇನ್ ಕೂನ್ ಬೆಕ್ಕಿಗೆ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ. ನಾವು ಮುದ್ದು ಮುಖ ನೋಡಿ ತಳಿ ಆರಿಸುತ್ತೇವೆ, ವಿಮೆಯವರು ಅದೇ ಮುಖದಲ್ಲಿ ಮುಂದಿನ ಹತ್ತು ವರ್ಷದ ಬಿಲ್ಲು ನೋಡುತ್ತಾರೆ. ತಪ್ಪು ಅಂತ ನಾನು ಹೇಳುವುದಿಲ್ಲ, ಅವರ ಕಸುಬೇ ಅದು. ಆದರೆ ಕೆಲವು ಪಾಲಿಸಿಗಳು ತಳಿಯ ಹೆಸರಲ್ಲಿ ಹೆಚ್ಚು ಪ್ರೀಮಿಯಂ ತೆಗೆದುಕೊಂಡು, ಆ ತಳಿಗೆ ಹುಟ್ಟಿನಿಂದ ಬರುವ ಕಾಯಿಲೆಯನ್ನೇ ಹೊರಗಿಡುತ್ತವೆ. ಅದಕ್ಕೆ ಮಾತ್ರ ನನ್ನ ತಕರಾರಿದೆ. ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಹುಡುಕಿ ಓದಿ.

ಈಗ ಪೂರ್ತಿ ಯಾಕೆ ಬರುವುದಿಲ್ಲ ಅನ್ನುವ ವಿಷಯ. ಹೆಚ್ಚಿನ ಪಾಲಿಸಿಗಳಲ್ಲಿ ಮೂರು ಕತ್ತರಿಗಳಿರುತ್ತವೆ. ಡಿಡಕ್ಟಿಬಲ್, ಅಂದರೆ ಮೊದಲಿಷ್ಟು ನಿಮ್ಮದೇ ಜೇಬಿನಿಂದ. ಅದಾದ ಮೇಲೆ ಉಳಿದದ್ದರಲ್ಲಿ ಶೇಕಡಾ 70, 80 ಅಥವಾ 90 ಮಾತ್ರ ಅವರದ್ದು. ಇವೆರಡೂ ಆದ ಮೇಲೆ ವರ್ಷಕ್ಕೆ ಇಷ್ಟೇ ಅಂತ ಒಂದು ಮೇಲ್ಮಿತಿ. ಬಿಲ್ಲು 100 ಅಂದುಕೊಳ್ಳಿ, ಡಿಡಕ್ಟಿಬಲ್ 20, ಅವರ ಪಾಲು ಶೇಕಡಾ 80. ಮೊದಲು 20 ಕಳೆದು ಉಳಿದ 80ಕ್ಕೆ ಶೇಕಡಾ 80 ಹಾಕಿದರೆ ಕೈಗೆ ಬರುವುದು 64. ಅದೇ ಮೊದಲು ಶೇಕಡಾ 80 ಲೆಕ್ಕ ಹಾಕಿ ಆಮೇಲೆ 20 ಕಳೆದರೆ 60. ಅಂಕಿಗಳು ಅವೇ, ಕಳೆಯುವ ಕ್ರಮ ಬೇರೆ. ಬಿಲ್ಲು ದೊಡ್ಡದೋ ಚಿಕ್ಕದೋ, ಆ ವ್ಯತ್ಯಾಸ ಹಾಗೇ ಇರುತ್ತದೆ. ನಮ್ಮ ಪಾಲಿಸಿಯಲ್ಲಿ ಎರಡನೇ ಲೆಕ್ಕ ಅಂತ ನನಗೆ ಗೊತ್ತಾದದ್ದು ಹಣ ಬಂದ ಮೇಲೆ.

ಡಿಡಕ್ಟಿಬಲ್ಲಿನಲ್ಲೂ ಎರಡು ಜಾತಿ. ವರ್ಷಕ್ಕೊಂದು ಸಲ ಕಳೆಯುವುದು ಒಂದು, ಪ್ರತಿ ಕಾಯಿಲೆಗೂ ಬೇರೆ ಬೇರೆ ಕಳೆಯುವುದು ಇನ್ನೊಂದು. ಒಂದೇ ವರ್ಷದಲ್ಲಿ ಕಿವಿ ಸೋಂಕು, ಚರ್ಮದ ಅಲರ್ಜಿ, ಕಾಲು ಉಳುಕು ಅಂತ ಮೂರು ಬಂದರೆ ಎರಡನೇ ಜಾತಿಯಲ್ಲಿ ಮೂರು ಸಲ ನೀವೇ ಕೊಡಬೇಕು, ವಿಮೆಯವರಿಂದ ಬಿಡಿಗಾಸೂ ಬರದೇ ಹೋಗಬಹುದು. ಸಣ್ಣಪುಟ್ಟದ್ದು ಹೆಚ್ಚು ಬರುವ ಪ್ರಾಣಿಗೆ ಅದು ಆಗುವುದಿಲ್ಲ. ಅದೇ ಜೀವಮಾನ ಪೂರ್ತಿ ಔಷಧಿ ಬೇಡುವ ಸಕ್ಕರೆ ಕಾಯಿಲೆಯಂಥದ್ದು ಅಂಟಿಕೊಂಡರೆ, ಒಂದು ಕಾಯಿಲೆಗೆ ಜೀವಮಾನದಲ್ಲಿ ಒಂದೇ ಸಲ ಕಳೆಯುವ, ಎರಡನೇ ಜಾತಿಯ ಪಾಲಿಸಿ ವಾಸಿ.

ಕಾಯುವ ಅವಧಿ ಅಂತ ಇನ್ನೊಂದಿದೆ. ಪಾಲಿಸಿ ಶುರುವಾದ ದಿನವೇ ರಕ್ಷಣೆ ಶುರುವಾಗುವುದಿಲ್ಲ. ಕಾಯಿಲೆಗೆ ಸಾಮಾನ್ಯವಾಗಿ 14 ದಿನ, ಕೆಲವು ಕಡೆ ಹೆಚ್ಚು, ಮಂಡಿಯ ಲಿಗಮೆಂಟಿಗೆ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಕೆಲವರು 6 ತಿಂಗಳವರೆಗೂ ಕಾಯಿಸುತ್ತಾರೆ. ನಾಯಿ ಕುಂಟಲು ಶುರುಮಾಡಿದ ಮೇಲೆ ವಿಮೆಗೆ ಓಡಿದರೆ ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆಯೇ. ಮಂಡಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಒಂದು ಹಿಂಗಾಲಿನ ಲಿಗಮೆಂಟ್ ಹರಿದ ನಾಯಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ವಿಮೆಯವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಪಾಲಿಸಿಗೆ ಮುಂಚೆ ಎಡ ಮಂಡಿಗೆ ತೊಂದರೆ ಇದ್ದಿದ್ದರೆ, ಬಲ ಮಂಡಿಯೂ ಹೊರಗೆ ಅನ್ನುವ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ.

ವಯಸ್ಸಿನ ಮಾತು ಬೇಜಾರಿನದು. ಒಂದೇ ಒಂದು ಕ್ಲೇಮು ಮಾಡದಿದ್ದರೂ ಪ್ರೀಮಿಯಂ ಏರುತ್ತಲೇ ಹೋಗುತ್ತದೆ. ಪ್ರಾಣಿಗೆ ವಯಸ್ಸಾಗುತ್ತದೆ, ಜೊತೆಗೆ ಚಿಕಿತ್ಸೆಯೂ ದುಬಾರಿಯಾಗುತ್ತದೆ. ನನ್ನ ಚಿಕ್ಕಂದಿನಲ್ಲಿ ನಾಯಿಗೆ ಎಂಆರ್‌ಐ, ಕೀಮೋಥೆರಪಿ ಅಂದರೆ ಜನ ನಗುತ್ತಿದ್ದರು. ಈಗ ಅವೆಲ್ಲ ಸಿಗುತ್ತವೆ, ಸಿಗುತ್ತವೆ ಅಂದ ಮೇಲೆ ಬಿಲ್ಲಿಗೂ ಸೇರುತ್ತವೆ. ಅದಕ್ಕೇ ಮೊದಲ ವರ್ಷದ ಪ್ರೀಮಿಯಂ ಕೇಳುವುದಕ್ಕಿಂತ, ಅದೇ ತಳಿಯ 8 ವರ್ಷದ, 10 ವರ್ಷದ ನಾಯಿಗೆ ಇವತ್ತು ಎಷ್ಟು ಅಂತ ಕೇಳಿ. ವೆಬ್‌ಸೈಟಿನಲ್ಲಿ ಹುಟ್ಟಿದ ವರ್ಷ ಬದಲಿಸಿ ಹಾಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನು ಈ ಉಪಾಯ ಕಲಿತದ್ದು ಗುಂಡನಿಗೆ 7 ವರ್ಷವಾದಾಗ. ಮಧ್ಯದಲ್ಲಿ ಬೇಸತ್ತು ಬೇರೆ ಕಂಪನಿಗೆ ಹೋಗೋಣ ಅಂದರೆ ಇಷ್ಟು ವರ್ಷ ಬಂದ ಕಾಯಿಲೆಗಳೆಲ್ಲ ಅಲ್ಲಿ "ಮೊದಲೇ ಇದ್ದವು" ಆಗಿಬಿಡುತ್ತವೆ. ಹಾಗಾಗಿ ಎಷ್ಟೇ ಏರಿಸಲಿ, ಇದ್ದಲ್ಲೇ ಕಟ್ಟಿಕೊಂಡು ಹೋಗಬೇಕು.

ಹಾಗಾದರೆ ಇದೆಲ್ಲ ಮೋಸವಾ ಅಂತ ಕೇಳಿದರೆ, ಅಲ್ಲ. ಪ್ರಾಣಿ ವಿಮೆ ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಸ್ವೀಡನ್‌ನಲ್ಲಿ 1890ರಲ್ಲೇ ಕುದುರೆ, ದನಗಳಿಗೆ ವಿಮೆ ಶುರುವಾಗಿ, 1924ರಲ್ಲಿ ನಾಯಿಗೂ ಬಂತು. ಬ್ರಿಟನ್ನಿಗೆ 1947ರಲ್ಲಿ, ಅಮೆರಿಕಕ್ಕೆ 1982ರಲ್ಲಿ. ಸ್ವೀಡನ್‌ನಲ್ಲಿ ಇವತ್ತು ಬಹುಪಾಲು ನಾಯಿಗಳಿಗೆ ವಿಮೆ ಇದೆ. ಇದರಲ್ಲಿ ಒಂದು ಗುಟ್ಟಿದೆ. ಗಟ್ಟಿಮುಟ್ಟಾದ ನಾಯಿಗಳೂ ವಿಮೆಗೆ ಸೇರಿದರೆ ಹೊರೆ ಎಲ್ಲರ ಮೇಲೂ ಹಂಚಿಹೋಗುತ್ತದೆ. ಕಾಯಿಲೆ ಬರುವ ಅನುಮಾನ ಇದ್ದವರಷ್ಟೇ ಸೇರುವ ಕಡೆ ಪ್ರೀಮಿಯಂ ಏರುತ್ತದೆ. ಏರಿದ್ದನ್ನು ನೋಡಿ ಗಟ್ಟಿ ನಾಯಿಯವರು ಬಿಟ್ಟು ಹೋಗುತ್ತಾರೆ, ಮತ್ತೆ ಏರುತ್ತದೆ.

"ಅದೇ ಪ್ರೀಮಿಯಂ ದುಡ್ಡನ್ನ ತಿಂಗಳು ತಿಂಗಳು ಬ್ಯಾಂಕಿಗೆ ಹಾಕಿದ್ರಾಯ್ತಲ್ಲ" ಅಂತ ನಮ್ಮೆಜಮಾನರು ಇವತ್ತಿಗೂ ವಾದಿಸುತ್ತಾರೆ. ಲೆಕ್ಕದಲ್ಲಿ ಅವರು ಸರಿ. ವಿಮೆ ಕಂಪನಿಗೂ ಆಫೀಸು, ಸಂಬಳ, ಲಾಭ ಎಲ್ಲ ಇರುವುದರಿಂದ ಜನ ಕಟ್ಟಿದ್ದಕ್ಕಿಂತ ಒಟ್ಟಾರೆ ಕಡಿಮೆಯೇ ವಾಪಸ್ ಬರುತ್ತದೆ. ಆದರೆ ಕಾಲುಚೀಲ ನುಂಗುವುದು ಹೆಚ್ಚಾಗಿ ಚಿಕ್ಕ ವಯಸ್ಸಿನ ನಾಯಿ. ಉಳಿತಾಯ ಖಾತೆ ಇನ್ನೂ ಅಂಬೆಗಾಲಿಡುತ್ತಿರುವಾಗಲೇ ದೊಡ್ಡ ಬಿಲ್ಲು ಬಂದರೆ? ಅದಕ್ಕಿಂತ ಹೆಚ್ಚಾಗಿ, ಆ ಖಾತೆಗೆ ಮನೆಯ ಬೇರೆ ಯಾವ ಖರ್ಚಿಗೂ ಕೈ ಹಾಕದಷ್ಟು ಗಟ್ಟಿ ಮನಸ್ಸು ನಮ್ಮ ಮನೆಯಲ್ಲಂತೂ ಯಾರಿಗೂ ಇಲ್ಲ, ವಾದ ಮಾಡುವವರಿಗೂ ಸೇರಿ.

ಹಾಗಾಗಿ ಗೆಳತಿಗೆ ನಾನು ಹೇಳುವುದು: ಮರಿಯಾಗಿದ್ದಾಗ, ದಾಖಲೆಯಲ್ಲಿ ಏನೂ ಇಲ್ಲದಿರುವಾಗಲೇ ಮಾಡಿಸು. ಡಿಡಕ್ಟಿಬಲ್ ದೊಡ್ಡದಿರಲಿ, ಪ್ರೀಮಿಯಂ ಇಳಿಯುತ್ತದೆ. ವರ್ಷದ ಮೇಲ್ಮಿತಿಯಲ್ಲಿ ಮಾತ್ರ ಜಿಪುಣತನ ಬೇಡ. ಸಣ್ಣ ಬಿಲ್ಲು ಹೇಗೋ ಕಟ್ಟುತ್ತೀಯ, ದೊಡ್ಡದಕ್ಕೇ ತಾನೇ ವಿಮೆ. ಚುಚ್ಚುಮದ್ದು, ಜಂತುಹುಳದ ಔಷಧಿ, ಹಲ್ಲು ಕ್ಲೀನಿಂಗ್ ಎಲ್ಲ ಸೇರಿದ "ವೆಲ್‌ನೆಸ್" ಪ್ಯಾಕೇಜ್ ಅಂತ ಮೇಲೊಂದು ಮಾರುತ್ತಾರೆ. ಬಹಳ ಸಲ ಅದು ಅಳಿಯ ಅಲ್ಲ, ಮಗಳ ಗಂಡ. ಬರುವುದು ಗೊತ್ತೇ ಇರುವ ಖರ್ಚನ್ನು ಅವರ ಕೈಗೆ ಕೊಟ್ಟು ವಾಪಸ್ ಇಸಿದುಕೊಳ್ಳುವುದಷ್ಟೇ. ಕಾಗದ ತೆಗೆದು ಕೂಡಿಸಿ ನೋಡು. ಇನ್ನು 9-10 ವರ್ಷದ ಪ್ರಾಣಿಗೆ ಹೊಸದಾಗಿ ಮಾಡಿಸಲು ಹೊರಟವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಹೊರಗಿಟ್ಟ ಕಾಯಿಲೆಗಳ ಪಟ್ಟಿ ಓದುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರವಾಗಿರುತ್ತದೆ. ಅಲ್ಲಿ ನಮ್ಮೆಜಮಾನರ ಬ್ಯಾಂಕೇ ಸರಿ.

ಡಾಕ್ಟರ ಹತ್ತಿರ ಮಾತು ಕಡಿಮೆ ಮಾಡಬೇಕಾ ಅಂತ ಯಾರಾದರೂ ಕೇಳಬಹುದು. ಖಂಡಿತ ಬೇಡ. ಮುಚ್ಚಿಟ್ಟರೆ ಪ್ರಾಣಿಗೇ ತೊಂದರೆ. ಬೇಕಿದ್ದರೆ ಅವರು ಬರೆದುಕೊಂಡದ್ದನ್ನು ಒಮ್ಮೆ ಓದಿಸಿ ಕೇಳಿಕೊಳ್ಳಿ. ಪಾಲಿಸಿ ಕೊಳ್ಳುವಾಗಲೇ ದಾಖಲೆ ಕಳಿಸಿ, ಏನೇನು ಹೊರಗಿಡುತ್ತೀರಿ ಅಂತ ಬರಹದಲ್ಲಿ ತರಿಸಿಕೊಳ್ಳಿ. ಕೆಲವರು ಕೊಡುತ್ತಾರೆ.

ಗುಂಡನಿಗೆ ಈಗ 11. ಮೂತಿ ಬೆಳ್ಳಗಾಗಿದೆ, ಕಾಲುಚೀಲದ ಚಪಲ ಹೋಗಿಲ್ಲ. ಈ ವರ್ಷದ ನವೀಕರಣದ ಪತ್ರ ಫ್ರಿಜ್ಜಿನ ಬಾಗಿಲಲ್ಲಿ ಅಂಟಿಕೊಂಡು ಕೂತಿದೆ, ಹೋದ ವರ್ಷಕ್ಕಿಂತ ಸಾಕಷ್ಟು ಜಾಸ್ತಿ. ಡಿಡಕ್ಟಿಬಲ್ ಏರಿಸಿದರೆ ಎಷ್ಟು ಇಳಿಯುತ್ತದೆ ಅಂತ ನಾಳೆ ಬೆಳಿಗ್ಗೆ ಫೋನ್ ಮಾಡಿ ಕೇಳಬೇಕು. ಗೆಳತಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಇದರ ಲಿಂಕ್ ಕಳಿಸುತ್ತೇನೆ, "ಒಂದು ನಂಬರ್ ಕೇಳಿದ್ರೆ ಪುರಾಣ ಬರೆದ್ಯಲ್ಲೇ" ಅಂತ ಬೈಯುತ್ತಾಳೆ.