ಟಿವಿ ಬಾಕ್ಸ್ ಮೇಲೆ ಒಂದು ತಾರೀಖು ಹಾಕಿ ಸ್ವಾಮಿ

ಸ್ಮಾರ್ಟ್ ಟಿವಿ ಕೊಳ್ಳೋಕೆ ಹೋದರೆ ಅಂಗಡಿಯವರು ಎಲ್ಲಾ ಹೇಳುತ್ತಾರೆ. ಎಷ್ಟು ಇಂಚು, ಫೋರ್‌ಕೆ ಹೌದೋ ಅಲ್ಲವೋ, ಸೌಂಡ್ ಎಷ್ಟು ವಾಟ್. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ತಿನ್ನುತ್ತೆ ಅಂತ ಸ್ಟಾರ್ ಲೇಬಲ್ ಬೇರೆ ಅಂಟಿಸಿರುತ್ತಾರೆ. ಒಂದು ವಿಷಯ ಮಾತ್ರ ಯಾರೂ ಬಾಯಿ ಬಿಡಲ್ಲ. ಈ ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತೆ? ಕೇಳಿ ನೋಡಿ. "ಬರ್ತಾ ಇರುತ್ತೆ ಸಾರ್, ಆಟೋಮ್ಯಾಟಿಕ್" ಅನ್ನುತ್ತಾರೆ. ಅಷ್ಟೇ.

ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ 2019ರ ದೀಪಾವಳಿ ಆಫರ್‌ನಲ್ಲಿ ತಂದ 43 ಇಂಚಿನ ಟಿವಿ ಇದೆ. ಚಿತ್ರ ಇವತ್ತಿಗೂ ಕಣ್ಣಿಗೆ ಹಬ್ಬ. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಆದರೆ ಮೊದಲು ಒಂದು ಆ್ಯಪ್ ನಿಂತಿತು, ಆಮೇಲೆ ಇನ್ನೊಂದು. ತೆರೆದರೆ "ಈ ಸಾಧನಕ್ಕೆ ಇನ್ನು ಸಪೋರ್ಟ್ ಇಲ್ಲ" ಅಂತ ಎರಡು ಸಾಲು ಬರುತ್ತೆ. ರಿಮೋಟ್‌ನಲ್ಲಿ ಆ ಆ್ಯಪ್‌ಗೇ ಅಂತ ಬೇರೆ ಬಣ್ಣದ ಒಂದು ಬಟನ್ ಇದೆ. ಅದನ್ನು ಒತ್ತಿದರೂ ಅದೇ ಎರಡು ಸಾಲು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗಿ ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ಸರ್, ಪ್ಯಾನಲ್ ಚೆನ್ನಾಗಿದೆ ಅಲ್ವಾ? ಹಾಗಾದ್ರೆ ಟಿವಿಯಲ್ಲಿ ಏನೂ ಪ್ರಾಬ್ಲಮ್ ಇಲ್ಲ ಸರ್. ಆ್ಯಪ್ ನಮ್ದಲ್ಲ." ಆ್ಯಪ್‌ನವರನ್ನು ಕೇಳಿದರೆ ಟಿವಿ ಕಂಪನಿಯನ್ನು ಕೇಳಿ ಅಂದರು. ಅಂಗಡಿಯವರು ಟಿವಿ ಹಿಂದೆ ಸಿಕ್ಕಿಸಿ ಆ್ಯಪ್ ಓಡಿಸುವ ಪುಟ್ಟ ಸಾಧನ ತೋರಿಸಿ ಇನ್ನೂ ಸುಲಭ ಮಾಡಿದರು: "ಒಂದು ಸ್ಟಿಕ್ ಹಾಕ್ಕೊಂಡ್ಬಿಡಿ ಸಾರ್, ಎಲ್ಲಾ ಬರುತ್ತೆ." ಬಂತು, ಇಲ್ಲ ಅನ್ನಲ್ಲ. ಈಗ ಸೋಫಾ ಮೇಲೆ ಎರಡು ರಿಮೋಟ್. ಧಾರಾವಾಹಿ ನೋಡೋಕೆ ಒಂದು, ಸಿನಿಮಾ ನೋಡೋಕೆ ಇನ್ನೊಂದು, ಮಧ್ಯೆ ಎಚ್‌ಡಿಎಂಐ ಕಿಂಡಿ ಒಂದಾ ಎರಡಾ ಅನ್ನೋ ತಲೆಬಿಸಿ. ನಮ್ಮ ದೊಡ್ಡಮ್ಮ ನನಗೇ ವಿಡಿಯೋ ಕಾಲ್ ಮಾಡಿ, ಫೋನನ್ನು ಟಿವಿ ಕಡೆ ತಿರುಗಿಸಿ, "ಏನಪ್ಪಾ, ಈಗ ಯಾವ್ದು ಒತ್ಲಿ?" ಅಂತ ಕೇಳುತ್ತಾರೆ. ಸ್ಮಾರ್ಟ್ ಟಿವಿಗೆ ಅಂತ ಜಾಸ್ತಿ ದುಡ್ಡು ಕೊಟ್ಟಾಯ್ತು, ಅದು ಮಾಡಬೇಕಾದ ಕೆಲಸಕ್ಕೆ ಮತ್ತೆ ದುಡ್ಡು ಕೊಟ್ಟಾಯ್ತು.

ಎಲ್ಲದಕ್ಕೂ ಕಂಪನಿಗಳ ಪಿತೂರಿ ಅಂತ ನಾನು ಹೇಳಲ್ಲ. ತಾಂತ್ರಿಕ ಕಾರಣ ಇರುತ್ತೆ. 2019ರ ಡಿಸೆಂಬರ್‌ನಿಂದ ಸ್ಯಾಮ್‌ಸಂಗ್‌ನ 2010, 2011ರ ಕೆಲವು ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಕಾರಣ, ನಕಲು ತಡೆಯೋಕೆ ಆ ಟಿವಿಗಳು ಬಳಸುತ್ತಿದ್ದ ಮೈಕ್ರೋಸಾಫ್ಟ್‌ನ ಹಳೇ ವ್ಯವಸ್ಥೆಯನ್ನು ನೆಟ್‌ಫ್ಲಿಕ್ಸ್ ಕೈಬಿಟ್ಟಿತು. ಅದಕ್ಕೂ ಮುಂಚೆ 2015ರಲ್ಲಿ ಯೂಟ್ಯೂಬ್ ತನ್ನ ಒಳಗಿನ ವ್ಯವಸ್ಥೆ ಬದಲಾಯಿಸಿದಾಗ 2012ಕ್ಕಿಂತ ಹಳೆಯ ಎಷ್ಟೋ ಟಿವಿಗಳಲ್ಲಿ ಆ ಆ್ಯಪ್ ಸತ್ತೇ ಹೋಯಿತು. 2025ರ ಮಾರ್ಚ್‌ನಲ್ಲಂತೂ ಗೂಗಲ್‌ನ ಎರಡನೇ ತಲೆಮಾರಿನ, ಟಿವಿಗೆ ಸಿಕ್ಕಿಸಿ ಫೋನ್‌ನಿಂದ ವಿಡಿಯೋ ಓಡಿಸುವ ಕ್ರೋಮ್‌ಕಾಸ್ಟ್‌ಗಳು ಒಂದೇ ದಿನ ಸಾಲಾಗಿ ಮಲಗಿದವು. ಒಳಗಿದ್ದ ಒಂದು ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು, ಅಷ್ಟೇ. ಆದರೆ ಆಮೇಲೆ ಏನಾಯ್ತು ನೋಡಿ. ಗೂಗಲ್ ಅಪ್‌ಡೇಟ್ ಕಳಿಸಿತು, 2015ರ ಆ ಸಾಧನಗಳು ಮತ್ತೆ ಎದ್ದು ಕೂತವು. ಮನಸ್ಸಿದ್ದರೆ ಹತ್ತು ವರ್ಷ ಹಳೇದನ್ನೂ ಎಬ್ಬಿಸಬಹುದು ಅಂತ ಆಯ್ತಲ್ವಾ?

ನಮ್ಮಲ್ಲಿ ಕಡಿಮೆ ಬೆಲೆಗೆ ಬರುವ ಟಿವಿಗಳ ಕಥೆ ಇನ್ನೂ ಕಷ್ಟ. ಎಷ್ಟೋ ಟಿವಿಗಳಿಗೆ 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಅದರಲ್ಲಿ ಸಿಸ್ಟಂ ತಿಂದು ಉಳಿದದ್ದು ನಮಗೆ. ಆ್ಯಪ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತವೆ, ಟಿವಿ ಆಗಲ್ಲ. ಕೊಂಡ ದಿನ ಓಡುತ್ತಿದ್ದದ್ದು ಮೂರ್ನಾಲ್ಕು ವರ್ಷಕ್ಕೆ ತೆವಳುತ್ತೆ. ಇದು ತಯಾರಿಸುವವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಬಾಕ್ಸ್ ಮೇಲೆ ಆ್ಯಪ್‌ಗಳ ಲೋಗೋ ಸಾಲಾಗಿ ಅಚ್ಚು ಹಾಕುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಆ ಲೋಗೋ ತೋರಿಸಿಯೇ ವ್ಯಾಪಾರ ಮಾಡ್ತೀರಿ, ಅದು ನಿಂತ ದಿನ "ನಮ್ದಲ್ಲ" ಅಂತೀರಿ.

ಇದಕ್ಕೆ ನಮ್ಮ ಕಾನೂನಲ್ಲಿ ಏನೂ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದರ ಸೆಕ್ಷನ್ 2(10) ದೋಷ ಅಂದರೆ ಏನು ಅಂತ ಹೇಳುತ್ತೆ. ವಸ್ತು ಒಡೆದಿರಬೇಕು, ಸುಟ್ಟಿರಬೇಕು ಅಂತೇನಿಲ್ಲ. ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಆ ವಸ್ತುವಿನಲ್ಲಿ ಇಲ್ಲದಿದ್ದರೂ ಅದು ದೋಷವೇ. ಯಾವುದೇ ರೀತಿಯಲ್ಲಿ ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಜಾಹೀರಾತು, ಬಾಕ್ಸ್, ಆನ್‌ಲೈನ್ ಅಂಗಡಿಯ ಪುಟ, ಎಲ್ಲಾ ಅದರಲ್ಲಿ ಬರುತ್ತೆ. ನನ್ನ ಪ್ರಕಾರ ರಿಮೋಟ್‌ನ ಆ ಬಟನ್ ಕೂಡ. ಬಟನ್ ಕೊಟ್ಟ ಮೇಲೆ ಒತ್ತಿದರೆ ಕೆಲಸ ಮಾಡುತ್ತೆ ಅಂತ ಹೇಳಿದ ಹಾಗೇ ಅಲ್ವಾ?

ಕಂಪನಿ ವಕೀಲರು ಸುಮ್ನೆ ಕೂರಲ್ಲ. ಮ್ಯಾನುಯಲ್‌ನ ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ "ಸೇವೆಗಳು ಮುನ್ಸೂಚನೆ ಇಲ್ಲದೆ ಬದಲಾಗಬಹುದು" ಅಂತ ಬರೆದಿರೋದನ್ನು ತೋರಿಸುತ್ತಾರೆ. ಒಂದು ವರ್ಷದ ವಾರಂಟಿ ಮುಗಿದಿದೆ ಅನ್ನುತ್ತಾರೆ. ಆ್ಯಪ್‌ಗಳೇ ಹೆಸರು, ಮಾಲೀಕರನ್ನು ಬದಲಾಯಿಸುತ್ತವೆ, ನಾವೇನು ಮಾಡೋಣ ಅನ್ನುತ್ತಾರೆ. ಅದೂ ಸುಳ್ಳಲ್ಲ, 2025ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ ಸೇರಿ ಒಂದೇ ಆ್ಯಪ್ ಆಯ್ತಲ್ಲ. ಹಾಗಾಗಿ ಕೇಸ್ ಹಾಕಿದವರೆಲ್ಲ ಗೆಲ್ಲುತ್ತಾರೆ ಅಂತ ನಾನು ಆಸೆ ಹುಟ್ಟಿಸಲ್ಲ. ಎಂಟು ವರ್ಷ ಹಳೇ ಟಿವಿಗೆ ಹೊಸ ಟಿವಿ ಕೊಡಿ ಅಂತ ಹೋದರೆ ಗ್ರಾಹಕ ಆಯೋಗದವರೂ ಒಪ್ಪಲಿಕ್ಕಿಲ್ಲ. ಆದರೆ ಕೊಂಡ ಒಂದೂವರೆ ವರ್ಷಕ್ಕೆ ಬಾಕ್ಸ್ ಮೇಲಿದ್ದ ಆ್ಯಪ್ ನಿಂತರೆ, ಅದು ಬೇರೆ ಮಾತು. ಅಲ್ಲಿ ನಿಮ್ಮ ಕೈ ಗಟ್ಟಿ ಇರುತ್ತೆ.

ದಾರಿ ಕಷ್ಟದ್ದೇನಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅವರು ಕಂಪನಿಗೆ ಕಳಿಸುತ್ತಾರೆ. ಕೆಲವು ಸಲ ಅಲ್ಲೇ ಮುಗಿಯುತ್ತೆ, ಯಾಕಂದ್ರೆ ಕಸ್ಟಮರ್ ಕೇರ್‌ನಲ್ಲಿ ಇಲ್ಲದ ಅಧಿಕಾರ ಆ ದೂರು ನೋಡುವವರಿಗೆ ಇರುತ್ತೆ. ಮುಗಿಯದಿದ್ದರೆ ಒಂದು ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕ ಆಯೋಗ. ಟಿವಿ ಎಲ್ಲಿ ಕೊಂಡಿರಿ ಅನ್ನೋದು ಮುಖ್ಯ ಅಲ್ಲ, ನೀವು ಇರುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. 2025ರಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಗಡುವು ಮಾತ್ರ ನೆನಪಿರಲಿ, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಆ್ಯಪ್ ನಿಂತ ದಿನವೇ ಆ ಕಾರಣ ಹುಟ್ಟಿದ್ದು ಅಂತ ನಾವು ಅನ್ನುತ್ತೇವೆ, ಕೊಂಡ ದಿನವೇ ಅಂತ ಅವರು ಅನ್ನುತ್ತಾರೆ. ಅದಕ್ಕೇ ಆ ಎರಡು ಸಾಲಿನ ಸಂದೇಶ ಬಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಕಿವಿಮಾತು: ಮ್ಯಾನುಯಲ್‌ನ ಆ ಷರತ್ತೇ ಅನ್ಯಾಯದ್ದು ಅಂತ ಪ್ರಶ್ನೆ ಮಾಡಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಇಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಆದ್ದರಿಂದ ದೂರಿನಲ್ಲಿ ದೋಷ ಮತ್ತು ಅನುಚಿತ ವ್ಯಾಪಾರ ಪದ್ಧತಿ (ಅಂದರೆ ದಾರಿ ತಪ್ಪಿಸುವ ಮಾತು ಹೇಳಿ ಮಾರೋದು), ಇವೆರಡನ್ನೇ ಹಿಡಿಯೋದು ವಾಸಿ.

ಆದರೂ ಒಬ್ಬೊಬ್ಬರೇ ಹೋಗಿ ಗುದ್ದಾಡೋದರಿಂದ ಎಷ್ಟು ಆದೀತು? ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಒಂದು ನಿಯಮ ಇದೆ. ಇಂಟರ್‌ನೆಟ್‌ಗೆ ಸೇರುವ ಯಾವ ವಸ್ತು ಮಾರಿದರೂ, ಟಿವಿಯೂ ಸೇರಿ, ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಕೊಡುತ್ತೇವೆ ಅಂತ ತಯಾರಕರು ಬಹಿರಂಗವಾಗಿ ಹೇಳಲೇಬೇಕು. ಇಷ್ಟೇ ವರ್ಷ ಕೊಡಿ ಅಂತ ಕಾನೂನು ಹೇಳಲ್ಲ. ಎಷ್ಟು ಕೊಡ್ತೀರೋ ಅದನ್ನು ಹೇಳಿ ಅನ್ನುತ್ತೆ. ಯುರೋಪಿಯನ್ ಯೂನಿಯನ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2022ರಿಂದ, ಗ್ರಾಹಕರು ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಕಾಲ ಅಪ್‌ಡೇಟ್ ಸಿಗುವ ಹಾಗೆ ನೋಡಿಕೊಳ್ಳೋದು ಮಾರುವವರ ಹೊಣೆ.

ನಮ್ಮಲ್ಲೂ ಕೆಲಸ ಶುರುವಾಗಿದೆ, ಇಲ್ಲ ಅಂತಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ, ಅಂದರೆ ಕೊಂಡ ವಸ್ತುವನ್ನು ಸುಲಭವಾಗಿ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಸೂಚ್ಯಂಕದ ಬಗ್ಗೆ 2025ರ ಮೇನಲ್ಲಿ ವರದಿಯೂ ಬಂತು. ಆದರೆ ಅದು ಮೊದಲು ಮೊಬೈಲ್, ಟ್ಯಾಬ್ಲೆಟ್‌ಗೆ. ಟಿವಿ ಸರದಿಯಲ್ಲಿ ಹಿಂದೆ ನಿಂತಿದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಜನ ದೊಡ್ಡ ಟಿವಿ ಕಡೆ ನೋಡುತ್ತಿದ್ದಾರೆ. ನಿಯಮ ತರೋಕೆ ಇದಕ್ಕಿಂತ ಒಳ್ಳೆ ಹೊತ್ತು ಯಾವುದು? ಸ್ಟಾರ್ ಲೇಬಲ್ ಪಕ್ಕದಲ್ಲೇ ಜಾಗ ಇದೆ. "ಅಪ್‌ಡೇಟ್: ಇಂಥ ವರ್ಷದವರೆಗೆ" ಅಂತ ಒಂದು ಸಾಲು ಸಾಕು.

ಅಲ್ಲಿಯವರೆಗೆ ಈ ಹಬ್ಬಕ್ಕೆ ಟಿವಿ ಕೊಳ್ಳುವವರು ಒಂದು ಕೆಲಸ ಮಾಡಿ. ದುಡ್ಡು ಕೊಡುವ ಮುಂಚೆ ಮಾಡೆಲ್ ನಂಬರ್ ಹಾಕಿ ಕಂಪನಿಗೆ ಇಮೇಲ್ ಕಳಿಸಿ, ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ಕೇಳಿ. ಅದೇ ಕಂಪನಿ ಬ್ರಿಟನ್‌ನಲ್ಲೂ ಟಿವಿ ಮಾರುತ್ತಿದ್ದರೆ ಅಲ್ಲಿನ ವೆಬ್‌ಸೈಟ್‌ನಲ್ಲಿ ಎಲ್ಲಿಯವರೆಗೆ ಅಂತ ಹೇಳಿದ್ದಾರೆ ನೋಡಿ, ಅದನ್ನೂ ಇಮೇಲ್‌ಗೆ ಅಂಟಿಸಿ. ಉತ್ತರ ಬಂದರೆ ಬಿಲ್ ಜೊತೆ ಇಟ್ಟುಕೊಳ್ಳಿ. ಬರದಿದ್ದರೆ ನೀವು ಕಳಿಸಿದ ಇಮೇಲ್ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಉತ್ತರ ಬಂದವರು ಕೆಳಗೆ ಕಾಮೆಂಟ್‌ನಲ್ಲಿ ಹಾಕಿ, ಯಾವ ಮಾಡೆಲ್‌ಗೆ ಎಷ್ಟು ವರ್ಷ ಅಂತ ಪಟ್ಟಿ ಮಾಡೋಣ.