ಲಂಡನ್ ಘಾಟಿಯ ಏರು

ನನ್ನ ಹೆಂಡತಿ ಮಗಳ ಮನೆಗೆಂದು ಲಂಡನ್ನಿಗೆ ಹೊರಟಾಗ ಬೆಂಗಳೂರಿನಿಂದ ವಿಮಾನ ಎದ್ದದ್ದು ಬೆಳಗ್ಗೆ 7ಕ್ಕೆ. ಅಲ್ಲಿ ಇಳಿದದ್ದು ಮಧ್ಯಾಹ್ನ 12ಕ್ಕೆ. ಸಕಲೇಶಪುರದಿಂದ ಬಂದಿದ್ದ ಮಾವನವರು ಬೆರಳು ಮಡಚಿ ಎಣಿಸಿದರು. ‘ಐದೇ ಗಂಟೆ!’

ನನಗೆ ಹೊಟ್ಟೆ ಉರಿಯಿತು. ಅವಳನ್ನು ಹಾಸನದಿಂದ ದೇವನಹಳ್ಳಿಗೆ ಬಿಡೋಕೆ ನಮಗೆ ಐದೂವರೆ ಗಂಟೆ ಹಿಡಿದಿತ್ತು. ಎಡೆಯೂರು ದಾಟಿದ ಮೇಲೆ ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿ ಇಲ್ಲ.

ವಾಪಸ್ ಟಿಕೆಟ್ ನೋಡಿದರೆ ಲೆಕ್ಕ ಬೇರೆ. ಮಧ್ಯಾಹ್ನ 1:45ಕ್ಕೆ ಹೊರಟರೆ ಬೆಂಗಳೂರಿಗೆ ಬೆಳಗಿನ ಜಾವ 5:05. ಹದಿನೈದು ಗಂಟೆ! ಮಾವನವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಶಿರಾಡಿ ಘಾಟಿ ಇದ್ದ ಹಾಗೆ. ಹೋಗೋವಾಗ ಇಳಿಜಾರು, ಬರೋವಾಗ ಏರು.’

ಪಕ್ಕದ ಮನೆಯ ಗಣಿತದ ಮೇಷ್ಟ್ರು ಕೇಳಿ ನಕ್ಕರು. ಚಳಿಗಾಲದಲ್ಲಿ ಲಂಡನ್ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅದಕ್ಕೇ ಹೋಗುವಾಗ ಅಷ್ಟು ಹೊತ್ತು ಮಾಯ, ಬರುವಾಗ ಅಷ್ಟೇ ಜಾಸ್ತಿ. ಎರಡೂ ಕೂಡಿಸಿ ಅರ್ಧ ಮಾಡಿದರೆ ಹತ್ತು ಗಂಟೆ. ಸುಮಾರು 8,000 ಕಿಲೋಮೀಟರ್ ದೂರಕ್ಕೆ ಅದು ಸರಿಯಾದ ಲೆಕ್ಕ. ಏರು ಇರೋದೇ ಆದರೆ ಅದು ಹೋಗುವಾಗಲೇ ಅಂತೆ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಬರುವ ವಿಮಾನವನ್ನು ಹಿಂದಿನಿಂದ ದೂಡುತ್ತದೆ, ಹೋಗುವುದನ್ನು ಎದುರಿನಿಂದ ತಡೆಯುತ್ತದೆ. ಮಾವನವರು ತಲೆಯಾಡಿಸಿದರು. ಒಪ್ಪಿದ ತಲೆಯಾಟ ಅಲ್ಲ ಅದು.

ಮೇಷ್ಟ್ರು ಗಂಟೆಯನ್ನೇನೋ ಕಲಿಸಿದರು. ತಾರೀಕನ್ನು ನಾನು ಕೇಳಲಿಲ್ಲ.

ಟಿಕೆಟ್‌ನಲ್ಲಿ ಜನವರಿ 17 ಅಂತಿತ್ತು. ಈ ಸಲ ಪಂಕ್ಚರಿನ ಭಯಕ್ಕೆ 16ರ ರಾತ್ರಿ ಹತ್ತಕ್ಕೇ ಹೊರಟೆವು. ಫ್ಲಾಸ್ಕ್ ತುಂಬಾ ಕಾಫಿ, ಒಂದು ಮೊಳ ಮಲ್ಲಿಗೆ. ಸ್ಟೆಪ್ನಿಗೆ ಗಾಳಿಯೂ ಹೊಡೆಸಿದ್ದೆ. ಅದಕ್ಕೇ ಇರಬೇಕು, ಪಂಕ್ಚರ್ ಆಗಲಿಲ್ಲ. ಎರಡೂವರೆಗೆಲ್ಲ ತಲುಪಿ ಕಂಬಿ ಹಿಡಿದು ನಿಂತೆವು.

5:05ಕ್ಕೆ ಲಂಡನ್ ವಿಮಾನ ಸರಿಯಾಗಿ ಇಳಿಯಿತು. ಸ್ವೆಟರ್ ಹಾಕಿದವರು ಟ್ರಾಲಿ ತಳ್ಳುತ್ತಾ ಸಾಲಾಗಿ ಹೊರಗೆ ಬಂದರು. ಮಗು ಎತ್ತಿಕೊಂಡವರು ಬಂದರು, ವೀಲ್‌ಚೇರಿನ ಅಜ್ಜಿ ಬಂದರು, ಕೊನೆಗೆ ಪೈಲಟ್‌ಗಳೂ ಬಂದರು. ನನ್ನವಳಿಲ್ಲ. ಆರೂವರೆಗೆ ನಡುಗುವ ಕೈಯಲ್ಲಿ ಫೋನ್ ಮಾಡಿದೆ.

ಅಲ್ಲಿ ರಾತ್ರಿ ಒಂದು ಗಂಟೆ. ನಿದ್ದೆಗಣ್ಣಲ್ಲಿ ಎತ್ತಿದವಳು ಅವಳೇ. ‘ಏನಾಯ್ತ್ರೀ? ಅಪ್ಪ ಹುಷಾರಾಗಿದ್ದಾರಾ?’

‘ನೀನೆಲ್ಲಿದ್ದೀಯ?’

‘ಹಾಸಿಗೇಲಿ. ನಾನು ಹೊರಡೋದು ಮಧ್ಯಾಹ್ನ ಅಲ್ವಾ? ಸೂಟ್‌ಕೇಸ್ ಇನ್ನೂ ಮುಚ್ಚಿಲ್ಲ. 5:05ರ ಪಕ್ಕ ಪ್ಲಸ್ ಒಂದು ಅಂತಿತ್ತಲ್ಲ, ಮಾರನೇ ದಿನ ಅಂತ, ನೋಡಲಿಲ್ವಾ?’

ನೋಡಿದ್ದೆ. ಜೊತೆಗೊಂದು ಕೈಚೀಲ ತರಬಹುದು ಅಂತ ತಿಳಿದಿದ್ದೆ.

ಮಾವನವರು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತಾ ಕೇಳಿದರು. ‘ನಾಳೆ ಬರ್ತಾಳಂತಾ? ನಾನು ಆವತ್ತೇ ಹೇಳಿದ್ದೆ. ಏರು ಜಾಸ್ತಿ.’