ಲ್ಯೂಕ್-ಲಾರಾ ನಿಜಜೀವನದಲ್ಲಿ ಗಂಡ-ಹೆಂಡತಿ ಅಲ್ಲ

ಅಮೆರಿಕದ 'ಜನರಲ್ ಹಾಸ್ಪಿಟಲ್' ಧಾರಾವಾಹಿಯ ಲ್ಯೂಕ್-ಲಾರಾ ಮದುವೆ ಫೋಟೊ ಜೊತೆ, ಈ ನಟ-ನಟಿ ನಿಜವಾಗಿಯೂ ದಂಪತಿ ಅನ್ನೋ ಮಾತು ಹರಿದಾಡುತ್ತಿದೆ. ಇದು ತಪ್ಪು. ಲಾರಾ ಪಾತ್ರದ ಜೀನೀ ಫ್ರಾನ್ಸಿಸ್ 1988ರಲ್ಲಿ ಮದುವೆಯಾದದ್ದು ನಟ ಜೊನಾಥನ್ ಫ್ರೇಕ್ಸ್ ಅವರನ್ನು. ಲ್ಯೂಕ್ ಆಗಿದ್ದ ಆಂಥನಿ ಗಿಯರಿ ಅವರಿಗೆ ತೆರೆ ಮೇಲಷ್ಟೇ ಜೋಡಿ.

ಫೋಟೊದಲ್ಲಿರುವುದು 1981ರ ನವೆಂಬರ್‌ನಲ್ಲಿ ಪ್ರಸಾರವಾದ ಕಂತು. ಹಗಲು ಹೊತ್ತಿನ ಧಾರಾವಾಹಿ, ಆದರೂ ಸುಮಾರು 3 ಕೋಟಿ ಜನ ನೋಡಿದರು! ಎಲಿಜಬೆತ್ ಟೇಲರ್ ಖಳನಾಯಕಿಯಾಗಿ ಬಂದು ವಧೂವರರಿಗೆ ಶಾಪ ಹಾಕುವ ದೃಶ್ಯವಂತೂ ಅಭಿಮಾನಿಗಳಿಗೆ ಇವತ್ತಿಗೂ ಅಚ್ಚುಮೆಚ್ಚು. ಇಂಥ ಜೋಡಿಯನ್ನು ಮನೆಯವರಂತೆ ಹಚ್ಚಿಕೊಳ್ಳೋದು ಸಹಜ ಅಲ್ವಾ? ಫೋಟೊ ಖಂಡಿತ ಹಂಚಿ, ಧಾರಾವಾಹಿಯ ದೃಶ್ಯ ಅಂತ ಕೆಳಗೆ ಬರೆದುಬಿಡಿ.